ಕೆಂಪು ಗುಂಡಿ ಒತ್ತದ ಸ್ತಮೆಂಕಾ

ಗುರುವಾರ ಬಂತೆಂದರೆ ಸರ್ಬಿಯದ ಪಿರೊತ್ ಪಟ್ಟಣದ ಸ್ತಮೆಂಕಾಳ ಮನೆಯಲ್ಲಿ ಕಿಟಕಿ ಪರದೆಗಳು ಬೆಳಿಗ್ಗೆಯೇ ಕೆಳಗಿಳಿದು ಒಗೆಯುವ ಬುಟ್ಟಿ ಸೇರುತ್ತಿದ್ದವು. ನೆಲ ಒರೆಸಿ, ಗಾಜು ಉಜ್ಜಿ, ಬಾಗಿಲ ಬಳಿ ಅತಿಥಿಗಳಿಗೆಂದು ಮೆತ್ತನೆಯ ಚಪ್ಪಲಿಗಳನ್ನು ಜೋಡಿಸಿಟ್ಟು, ಆಕೆ ಗಂಡನ ಕೈಗೆ ಇಸ್ತ್ರಿ ಮಾಡಿದ ಅಂಗಿ ಕೊಡುತ್ತಿದ್ದಳು. ನಾಲ್ಕು ಗಂಟೆಗೆ ಬರುವ ಅತಿಥಿಗಳಲ್ಲಿ ಒಬ್ಬ ಇಂಗ್ಲೆಂಡಿನವನು, ಒಬ್ಬಳು ಪೋರ್ಚುಗಲ್ಲಿನವಳು, ಇನ್ನೊಬ್ಬ ಬಲ್ಗೇರಿಯದ ಲಾರಿ ಚಾಲಕ. ಅವರು ಬರುತ್ತಿದ್ದುದು ಬಾಗಿಲಿನಿಂದಲ್ಲ, ಊಟದ ಮೇಜಿನ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪಿನಿಂದ. ಕಾಣುತ್ತಿದ್ದುದು ಅವರ ಮುಖ, ಹೆಚ್ಚೆಂದರೆ ಭುಜ.

"ಅವ್ರಿಗೆ ಕಾಲೇ ಇಲ್ಲ, ಚಪ್ಪಲಿ ಯಾಕೆ?" ಎಂದು ಗಂಡ ಲ್ಯುಬಿಸಾವ್ ಒಮ್ಮೆ ಕೇಳಿದ್ದ.

"ನಿಂಗೆ ಕಾಣಲ್ಲ ಅಷ್ಟೇ, ಮುದುಕಾ. ಕಾಲಿಲ್ದೆ ಇರ್ತಾರಾ?"

ಮೇಜಿನ ಮೇಲೆ ಪ್ಲಮ್ ಹಣ್ಣಿನ ಪಾಕದ ಬಟ್ಟಲು, ಬೆಳ್ಳಿಯ ಚಮಚಗಳು, ತಲೆಗೊಂದರಂತೆ ತಣ್ಣೀರಿನ ಲೋಟ. ಮನೆಗೆ ಬಂದವರಿಗೆ ಮೊದಲು ಒಂದು ಚಮಚ ಪಾಕ, ಮೇಲೆ ನೀರು. ಅದಾದ ಮೇಲೆಯೇ ಮಾತು. ಆದರೆ ಇಂಗ್ಲೆಂಡಿನಲ್ಲಿ ಕುಳಿತವನು ಪಿರೊತ್‌ನ ಬಟ್ಟಲಿಗೆ ಚಮಚ ಹಾಕುವುದು ಹೇಗೆ? ಬಡಿಸಿದ್ದನ್ನು ಬಟ್ಟಲಿಗೆ ಮರಳಿ ಸುರಿಯುವುದು ಅಪಶಕುನ. ಆದ್ದರಿಂದ ಅತಿಥಿಗಳ ಪರವಾಗಿ ತಿನ್ನುವ ಕೆಲಸ ಲ್ಯುಬಿಸಾವನ ಪಾಲಿಗೆ ಬಂದಿತ್ತು. "ಇದು ಮಿಸ್ಟರ್ ಮಾಲ್ಕಮ್‌ದು," ಎಂದು ಆಕೆ ಚಮಚ ನೀಡುವಳು, ಆತ ನುಂಗುವನು. "ಇದು ಫಿಲೊಮೆನಾದು." ಮತ್ತೆ ನುಂಗುವನು. ಸಿಹಿ ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ್ದರು. "ನೀನೆಲ್ಲಿ ತಿಂತಿದ್ದೀಯ? ತಿಂತಿರೋರು ಅವ್ರು," ಎಂಬುದು ಹೆಂಡತಿಯ ಸಮಾಧಾನ. ಪರದೆಯ ಮೇಲಿನವರೆಲ್ಲ ಆತ ಬಾಯಿ ಒರೆಸಿಕೊಳ್ಳುವವರೆಗೆ ಕಾದು, "ತುಂಬ ರುಚಿಯಾಗಿತ್ತು," ಎಂದು ಇಂಗ್ಲಿಷಿನಲ್ಲಿ ಒಕ್ಕೊರಲಿನಿಂದ ಹೇಳುತ್ತಿದ್ದರು.

ಈ ಕೂಟದ ಹೆಸರು 'ಜಗುಲಿ'. ಇಂಗ್ಲಿಷ್ ಕಲಿಯುವವರೂ ಕಲಿಸುವವರೂ ಅಲ್ಲಲ್ಲಿಂದ ಬಂದು ಕೂರುವ ಜಗುಲಿ. ಸ್ತಮೆಂಕಾ ಅಲ್ಲಿಗೆ ಬಂದದ್ದು ಇಂಗ್ಲಿಷಿನ ಮೇಲಿನ ಮೋಹದಿಂದಲ್ಲ, ಮಾತಿನ ಹಸಿವಿನಿಂದ. ಆಕೆ ಪಿರೊತ್‌ನ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಕಿವಿಗೆ ಕೊಳವೆ ಕಟ್ಟಿಕೊಂಡು ಊರಿಗೆ ಊರು ಜೋಡಿಸಿದವಳು. ಯಂತ್ರ ಬಂದು ಆಕೆಯ ಕುರ್ಚಿ ಖಾಲಿಯಾದಾಗ ಹೊಟ್ಟೆಯ ತುಂಬ ಕಥೆಗಳು ಉಳಿದುಹೋಗಿದ್ದವು. ಊರಿನವರೆಲ್ಲ ಅವನ್ನು ಕೇಳಿ ಮುಗಿಸಿದ್ದರು. ಆಕೆ ಬಾಯಿ ತೆರೆದರೆ ಬೇಲಿಯಾಚೆಯ ವುಕೊಸಾವಾ ಕಥೆಯ ಕೊನೆಯ ವಾಕ್ಯ ಹೇಳಿಬಿಡುತ್ತಿದ್ದಳು. ಗಂಡನೋ ಮಾತನ್ನು ಚಳಿಗಾಲದ ಸೌದೆಯಂತೆ ಜೋಪಾನ ಮಾಡುವವನು. ಹೀಗಿರುವಾಗ, ಒಂದು ಕಥೆಯನ್ನೂ ಕೇಳಿರದ ಹೊಸ ಕಿವಿಗಳು ಇಂಗ್ಲಿಷಿನಲ್ಲಿ ಸಿಗುತ್ತವೆ ಎಂದು ತಿಳಿದ ದಿನ ಆಕೆ ಲ್ಯಾಪ್‌ಟಾಪ್ ತಂದಳು.

ದಿಮಿತ್ರೊವ್‌ಗ್ರಾದ್‌ನ ವರನೂ ಪಿರೊತ್‌ನ ವಧುವೂ ಫೋನಿನಲ್ಲೇ ಜಗಳಾಡಿ ಮದುವೆ ಮುರಿದುಕೊಂಡಾಗ, ಇಬ್ಬರ ನಡುವೆ ಕುಳಿತ ಸ್ತಮೆಂಕಾ ಒಬ್ಬರ ಬೈಗುಳ ಇನ್ನೊಬ್ಬರಿಗೆ ಮುಟ್ಟದಂತೆ ತಂತಿ ಎಳೆದು, ತಾನೇ ಎರಡೂ ಕಡೆ ಕ್ಷಮೆ ಕೇಳಿ ರಾಜಿ ಮಾಡಿಸಿದ ಕಥೆಯನ್ನು ಆಕೆ ತನ್ನ ಇಂಗ್ಲಿಷಿನಲ್ಲಿ ಹಲವು ಗುರುವಾರ ಹೇಳಿದಳು. ಲಾರಿ ಚಾಲಕ ಯೊರ್ದಾನ್ ಸ್ಟೀರಿಂಗ್ ಚಕ್ರದ ಮೇಲೆ ತಲೆಯಿಟ್ಟು ಅತ್ತ. ಪಿರೊತ್‌ನಲ್ಲಿ ಆ ಕಥೆಗೆ ಯಾರೂ ಅತ್ತಿರಲಿಲ್ಲ.

ಆ ಶರತ್ಕಾಲದಲ್ಲಿ ಜಗುಲಿಗೆ ಜನ ಹೆಚ್ಚಾಗಿ, ಪರದೆಯ ಮೇಲೆ ನಾಲ್ಕು ನಾಲ್ಕು ಜನರ ಕೋಣೆಗಳಾಗಿ, ಹೊಸ ನಿಯಮ ಬಂತು. ಪ್ರತಿಯೊಬ್ಬರೂ ಒಂದು ಗುರುವಾರ ಯಜಮಾನಿಕೆ ವಹಿಸಬೇಕು, ಎಲ್ಲರನ್ನೂ ಮಾತಾಡಿಸಬೇಕು, ಐದು ಗಂಟೆಗೆ ಕೋಣೆ ಮುಚ್ಚಬೇಕು. ಮುಚ್ಚುವುದಕ್ಕೆ ಪರದೆಯ ಮೂಲೆಯಲ್ಲಿ ಒಂದು ಕೆಂಪು ಗುಂಡಿ. ಯಜಮಾನರು ಮುಚ್ಚುವವರೆಗೆ ಉಳಿದವರು ಎದ್ದು ಹೋಗುವಂತಿಲ್ಲ. ಮೂರು ಅವಕಾಶದಲ್ಲೂ ಆಗದವರು ಕೇಳುಗರ ಸಾಲಿಗೆ ಹೋಗಬೇಕು. ಅಲ್ಲಿ ಕಿವಿ ಮಾತ್ರ, ಬಾಯಿಲ್ಲ.

ಸ್ತಮೆಂಕಾಳ ಯಜಮಾನಿಕೆಯಲ್ಲಿ ಮೊದಲ ಸಲ ಐದು ಗಂಟೆಯಾದಾಗ ಗುರು ಮಾಲ್ಕಮ್ ಟ್ರೀನ್ ಮೆಲ್ಲಗೆ ಕೆಮ್ಮಿದ. ಆತ ಬಸ್ ಕಂಪನಿಯೊಂದರಲ್ಲಿ ವೇಳಾಪಟ್ಟಿ ಬರೆದು ನಿವೃತ್ತನಾದವನು, ನಯದ ಮನುಷ್ಯ.

"ಮಿಸೆಸ್ ಸ್ತಮೆಂಕಾ, ಹೊತ್ತಾಯ್ತು ಅನ್ಸುತ್ತೆ."

"ಹೊತ್ತಾಯ್ತಾ? ಈಗ ತಾನೇ ಬಂದ್ರಿ! ಕಾಫಿಗೆ ನೀರೂ ಇಟ್ಟಿಲ್ಲ, ಕೂತ್ಕೊಳ್ಳಿ!"

ಹೊರಡುತ್ತೇನೆಂದ ಅತಿಥಿಗೆ ಕೂತ್ಕೊಳ್ಳಿ ಎನ್ನದ ನಾಲಿಗೆ ಆ ಊರಿನಲ್ಲಿ ಯಾರಿಗೂ ಇಲ್ಲ. ಅವರು ಕುಳಿತರು. ಫಿಲೊಮೆನಾ ಬೇಕರಿಯವಳು, ಅವಳ ಬೆನ್ನ ಹಿಂದೆ ಒಲೆಯಿಂದ ಹೊಗೆ ಎದ್ದು ಬ್ರೆಡ್ಡು ಕರಕಲಾಯಿತು. ಯಜಮಾನಿ ಕಾಫಿ ಕಾಯಿಸಿದಳು. ಲ್ಯುಬಿಸಾವ್ ಎಲ್ಲರ ಪರವಾಗಿ ಕುಡಿದ. ಊಟದ ಹೊತ್ತಾದಾಗ ಹುರುಳಿಕಾಯಿ ಬೇಯಿಸಿದ್ದನ್ನೂ ಎಲ್ಲರ ಪರವಾಗಿ ತಿಂದ. ರಾತ್ರಿ ಲ್ಯಾಪ್‌ಟಾಪಿನ ಚಾರ್ಜು ಮುಗಿದಾಗಲೇ ಅತಿಥಿಗಳಿಗೆ ಬಿಡುಗಡೆ.

ಎರಡನೆಯ ಸಲಕ್ಕೆ ಮಾಲ್ಕಮ್ ಪಾಠ ಹೇಳಿಕೊಟ್ಟಿದ್ದ: "ಎಲ್ಲರಿಗೂ ವಂದನೆ, ಮತ್ತೆ ಸಿಗೋಣ" ಎನ್ನಬೇಕು, ಒತ್ತಬೇಕು. ಸ್ತಮೆಂಕಾ ವಾರವಿಡೀ ಈ ವಾಕ್ಯ ಹೇಳುತ್ತ ಕರೆಗಂಟೆ, ದೀಪದ ಸ್ವಿಚ್ಚು, ಗಂಡನ ಅಂಗಿಯ ಗುಂಡಿ ಎಲ್ಲವನ್ನೂ ಒತ್ತಿ ಅಭ್ಯಾಸ ಮಾಡಿದಳು. ಗುರುವಾರ ಐದಕ್ಕೆ ವಾಕ್ಯ ಹೇಳಿದಳು, ಬೆರಳೆತ್ತಿದಳು. ಅಷ್ಟರಲ್ಲಿ ಫಿಲೊಮೆನಾ ಸೀನಿದಳು.

"ಯಾಕಮ್ಮಾ ಸೀನಿದೆ? ತಲೆಗೂದ್ಲು ಒದ್ದೆ ಇದೆಯಾ? ಕಿಟಕಿ ತೆಗೆದಿದ್ದೀಯಾ?"

"ಸ್ವಲ್ಪ ತೆಗೆದಿದೆ."

"ಬಾಗಿಲು?"

"ಅದೂ ತೆಗೆದಿದೆ."

"ಅಯ್ಯೋ, ಎದುರುಗಾಳಿ! ಎದ್ದೇಳು, ಮುಚ್ಚು ಮೊದ್ಲು! ನಮ್ಮ ಚಿಕ್ಕಪ್ಪ ಎದುರುಗಾಳೀಲಿ ಕೂತೇ ಸೊಂಟ ಕಳ್ಕೊಂಡ."

ಫಿಲೊಮೆನಾ ಮುಚ್ಚಿದಳು. ಯೊರ್ದಾನ್ ಲಾರಿಯ ಎರಡೂ ಕಿಟಕಿ ಏರಿಸಿದ. ಬಲ್ಗೇರಿಯದವರೂ ಎದುರುಗಾಳಿಗೆ ಹೆದರುವವರೇ ಆದ್ದರಿಂದ ಅವನಿಗೆ ವಿವರಣೆ ಬೇಕಿರಲಿಲ್ಲ. ಮಾಲ್ಕಮ್ ಮಾತ್ರ ತೆರೆದ ಕಿಟಕಿಗೂ ತೆರೆದ ಬಾಗಿಲಿಗೂ ನಡುವೆ ಹುಟ್ಟಿನಿಂದ ಕುಳಿತವನಂತೆ ಕುಳಿತಿದ್ದ. ಕಿಟಕಿ ಮುಚ್ಚಿಸಿ, ಕುತ್ತಿಗೆಗೆ ಮಫ್ಲರ್ ಸುತ್ತಿಸಿ, ಸೊಂಟಕ್ಕೆ ಉಣ್ಣೆ ಬಟ್ಟೆ ಕಟ್ಟಿಸಿ, ಹಣ್ಣಿನ ಸಾರಾಯಿ ರಾಕಿಯಾ ಇಲ್ಲದ ಮನೆಯಲ್ಲಿ ಬೆನ್ನಿಗೆ ಏನು ತಿಕ್ಕಬೇಕೆಂದು ಚರ್ಚಿಸಿ ಮುಗಿಸುವಷ್ಟರಲ್ಲಿ ಆರೂವರೆ ದಾಟಿತ್ತು.

ಮರುದಿನ ಬೇಲಿಯ ಬಳಿ ವುಕೊಸಾವಾ ಕೆಂಪು ಮೆಣಸಿನಕಾಯಿ ಸುಡುತ್ತ ನಕ್ಕಳು. "ಜಿಲ್ಲೆಯ ಅರ್ಧ ಜನರ ಮಾತನ್ನ ನಡುವೇನೇ ಕತ್ತರಿಸಿದವಳು ನೀನು! ನಮ್ಮತ್ತಿಗೆ ಹೆತ್ತದ್ದು ಗಂಡೋ ಹೆಣ್ಣೋ ಅನ್ನೋಕೆ ಮೊದ್ಲೇ ಲೈನ್ ಕಿತ್ತಿದ್ದೆ. ಈಗ ಒಂದು ಗುಂಡಿ ಒತ್ತೋಕೆ ಕೈ ನಡುಗುತ್ತಾ?"

"ಅದು ಕಚೇರಿ ಕಣೆ. ನಿಮ್ಮತ್ತಿಗೆ ಏನು ನಮ್ಮನೆ ಪಾಕ ತಿಂದಿದ್ಲಾ?"

"ಇವ್ರೂ ತಿಂದಿಲ್ವಲ್ಲೇ! ತಿಂದವನು ನಿನ್ನ ಗಂಡ!"

"ಅವ್ರ ಹೆಸರಲ್ಲಿ ತಿಂದಿದ್ದಾನೆ. ನಂಗೆ ಅಷ್ಟು ಸಾಕು."

ನಗುತ್ತಲೇ ಒಳಗೆ ಬಂದ ಸ್ತಮೆಂಕಾ ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದಳು. ಇನ್ನೊಂದೇ ಅವಕಾಶ. ಮಾಲ್ಕಮ್ ಬರೆದು ತಿಳಿಸಿದ್ದ: ನಿಯಮ ತನ್ನದಲ್ಲ, ಬಗ್ಗಿಸುವುದೂ ತನ್ನ ಕೈಯಲ್ಲಿಲ್ಲ, ಐದಕ್ಕೆ ಕೋಣೆ ಮುಚ್ಚಿದ್ದರೆ ಮಾತ್ರ ಆಕೆಯ ಬಾಯಿ ಉಳಿಯುತ್ತದೆ. ಕೇಳುಗರ ಸಾಲಿನಲ್ಲಿ ಕುಳಿತು, ಬೇರೆಯವರ ಕಥೆ ಕೇಳುತ್ತ, ನಡುವೆ ಒಂದು 'ಅಯ್ಯೋ' ಎನ್ನಲೂ ಆಗದೆ ಇರುವುದನ್ನು ಆಕೆ ಊಹಿಸಿಕೊಂಡಳು.

"ನಾನೇ ಒತ್ತಿಬಿಡ್ಲಾ?" ಎಂದ ಲ್ಯುಬಿಸಾವ್.

"ಒತ್ತಿ ನೋಡು! ನಮ್ಮ ಮನೇಲಿ ಕೂತವ್ರನ್ನ ಕತ್ತು ಹಿಡಿದು ಆಚೆ ಹಾಕಿದ್ದು ಲ್ಯುಬಿಸಾವ್ ಅಂತ ಪೋರ್ಚುಗಲ್‌ವರೆಗೂ ಹೆಸರಾಗ್ಲಿ!"

ಮೂರನೆಯ ಗುರುವಾರ ಮಾತು ಚೆನ್ನಾಗಿಯೇ ನಡೆಯಿತು. ಎಲ್ಲರೂ ಕೆಮ್ಮದೆ, ಸೀನದೆ, ಕಿಟಕಿ ಭದ್ರಪಡಿಸಿಕೊಂಡು ಬಂದಿದ್ದರು. ಮಾಲ್ಕಮ್ ಯಾರೂ ಹೇಳದೆಯೇ ಮಫ್ಲರ್ ಸುತ್ತಿಕೊಂಡಿದ್ದ. ಐದಕ್ಕೆ ಸ್ವಲ್ಪ ಮುಂಚೆ ಸ್ತಮೆಂಕಾ ನೇರ ಕುಳಿತು ಬೆರಳು ಚಾಚಿದಳು. ಮೂರು ಮುಖಗಳೂ ಉಸಿರು ಬಿಗಿಹಿಡಿದವು.

"ಒತ್ತಿ ಅಕ್ಕಾ," ಎಂದ ಯೊರ್ದಾನ್. "ನಾವು ಬೇಜಾರು ಮಾಡ್ಕೊಳ್ಳಲ್ಲ."

"ಹಾಗನ್ಬೇಡ! ಬೇಜಾರು ಮಾಡ್ಕೊಳ್ಳೋ ಅತಿಥೀನೇ ಹಾಗನ್ನೋದು."

"ನಿಜ್ವಾಗ್ಲೂ ಹೋಗ್ಬೇಕು ನಾನು," ಎಂದಳು ಫಿಲೊಮೆನಾ, ಅಳುವ ದನಿಯಲ್ಲಿ.

"ಕೂತ್ಕೋ!" ಎಂಬ ಮಾತು ಸ್ತಮೆಂಕಾಳ ಬಾಯಿಂದ ತಾನಾಗಿ ಜಾರಿತು. ಆಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು. ಬೆರಳು ಬಾಯಿಯ ಮೇಲೆ, ಗುಂಡಿ ಅಲ್ಲೇ, ಗಡಿಯಾರ ಮಾತ್ರ ನಿಲ್ಲುವುದಿಲ್ಲ.

ಆಗ, ಮೂರು ಜನರ ಪಾಕ ಹೊಟ್ಟೆಯಲ್ಲಿ ಹೊತ್ತು ಮಂಕಾಗಿ ಕುಳಿತಿದ್ದ ಲ್ಯುಬಿಸಾವ್ ಬೇಸತ್ತು ಹೇಳಿದ: "ಹೊರಗೆ ಹಾಕೋಕೆ ಆಗಲ್ಲ ಅಂದ್ರೆ ಬಿಡು. ಅತಿಥಿಗಳನ್ನ ಕಳ್ಸಿಕೊಡೋಕೂ ಬರಲ್ವಾ ನಿಂಗೆ? ಬಾಗಿಲ ತನಕ ಹೋಗಿ ಬಿಟ್ಟು ಬಾ."

ಸ್ತಮೆಂಕಾ ಗಂಡನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಕೋಟು ಹಾಕಿದಳು, ಹೊರಗಿನ ಬೂಟು ಮೆಟ್ಟಿದಳು, ಹೊರಗೆ ಗಾಳಿ ಇತ್ತಾದ್ದರಿಂದ ಲ್ಯಾಪ್‌ಟಾಪಿನ ಬೆನ್ನಿಗೆ ಒಂದು ಉಣ್ಣೆ ಶಾಲು ಹೊದಿಸಿದಳು. ಲ್ಯಾಪ್‌ಟಾಪನ್ನು ತೆರೆದಂತೆಯೇ ಎದೆಗವಚಿಕೊಂಡು ಹೊಸ್ತಿಲು ದಾಟಿದಳು.

"ನಿಧಾನ, ಮೆಟ್ಟಿಲಿದೆ," ಎಂದು ಎಚ್ಚರಿಸಿದಳು. ಮೂವರೂ ಕೆಳಗೆ ನೋಡಿಕೊಂಡರು.

ಅಂಗಳದಲ್ಲಿ ಪ್ಲಮ್ ಮರ ತೋರಿಸಿದಳು, ಕೋಳಿಗೂಡು ತೋರಿಸಿದಳು. ಯೊರ್ದಾನ್‌ಗೆ ದಾರಿಯಲ್ಲಿ ನಿದ್ದೆಗೆಟ್ಟು ಓಡಿಸಬೇಡ ಎಂದಳು. ಫಿಲೊಮೆನಾಗೆ ಮನೆಯವರನ್ನೆಲ್ಲ ಕೇಳಿದೆನೆಂದು ಹೇಳು ಎಂದಳು. ಬೇಲಿಯಾಚೆ ಮೆಣಸಿನಕಾಯಿಯ ಹೊಗೆಯ ನಡುವಿನಿಂದ ವುಕೊಸಾವಾ ಎದ್ದು ನಿಂತಳು.

"ಯಾರ ಹತ್ರ ಮಾತಾಡ್ತಿದ್ದೀಯೇ?"

"ಅತಿಥಿಗಳು ಹೊರಟ್ರು. ಕಳ್ಸೋಕೆ ಬಂದೆ."

ವುಕೊಸಾವಾ ಕೈ ಒರೆಸಿಕೊಂಡು ಬಂದು ಪರದೆಯಲ್ಲಿ ಇಣುಕಿದಳು. ವಾರವಿಡೀ ಲೇವಡಿ ಮಾಡಿದವಳು ಮೂರು ಜೀವಂತ ಮುಖಗಳನ್ನು ಕಂಡೊಡನೆ ತಲೆವಸ್ತ್ರ ಸರಿಮಾಡಿಕೊಂಡಳು. "ನಮ್ಮನೆ ಬಾಗಿಲ ಮುಂದೆ ಹಾದು ಹಾಗೇ ಹೋಗ್ತಾರಾ? ಒಂದು ಗಳಿಗೆ ಬಂದು ಹೋಗ್ಲಿ. ಮೆಣಸಿನಕಾಯಿ ಬಿಸಿ ಇದೆ, ಬ್ರೆಡ್ ಇದೆ..."

"ವುಕೊಸಾವಾ! ಕಾಲಿಗೆ ಬೀಳ್ತೀನಿ, ಇವತ್ತು ಬೇಡ!"

"ನನ್ನ ಮನೆ ಅಷ್ಟು ಕೀಳಾಯ್ತಾ?"

"ಇವ್ರಿಗೆ ಬಸ್ ತಪ್ಪುತ್ತೆ ಕಣೇ!" ಎಂದು ಸ್ತಮೆಂಕಾ ಬಾಯಿಗೆ ಬಂದದ್ದನ್ನು ಹೇಳಿದಳು. ಮಾಲ್ಕಮ್‌ಗೆ ಸರ್ಬಿಯನ್ ಒಂದಕ್ಷರ ತಿಳಿಯದು; ಆದರೂ ಬಸ್ ಕಂಪನಿಯಲ್ಲಿ ದುಡಿದವನಿಗೆ ಆ ಒಂದು ಪದ ಸಾಕಾಯಿತು. ಆತ ಗಾಬರಿಯಿಂದ ಕೈಗಡಿಯಾರ ನೋಡಿಕೊಂಡ. ಅದನ್ನು ಕಂಡು ವುಕೊಸಾವಾ ನಂಬಿದಳು. ಬಸ್ಸಿಗೆ ಅಡ್ಡ ನಿಲ್ಲುವಷ್ಟು ಕೆಟ್ಟವಳಲ್ಲ ಅವಳು.

ಗೇಟು ತೆರೆದು ರಸ್ತೆಗಿಳಿದರು. ಒಳ್ಳೆಯ ಅತಿಥಿಯನ್ನು ಗೇಟಿನಲ್ಲೇ ಬಿಡುವುದಿಲ್ಲ. ತಿರುವಿನ ತನಕವಾದರೂ ಹೋಗಬೇಕು. ಕೆಲವೇ ಹೆಜ್ಜೆ ನಡೆಯುವಷ್ಟರಲ್ಲಿ ಫಿಲೊಮೆನಾಳ ಮಾತು ತುಂಡು ತುಂಡಾಯಿತು. ಮನೆಯ ಗೋಡೆಯಲ್ಲಿ ಮಿನುಗುವ ಇಂಟರ್‌ನೆಟ್ ಪೆಟ್ಟಿಗೆಯ ಶಕ್ತಿ ಅಷ್ಟು ದೂರಕ್ಕಿಲ್ಲ ಎಂಬುದು ಸ್ತಮೆಂಕಾಗೆ ಗೊತ್ತಿರಲಿಲ್ಲ. ಮೊದಲು ಫಿಲೊಮೆನಾ ನಗುತ್ತಲೇ ಕಲ್ಲಾದಳು. ಯೊರ್ದಾನ್ ಬಾಯಿ ತೆರೆದಂತೆ ನಿಂತುಬಿಟ್ಟ. ಮಾಲ್ಕಮ್ ಕೈಯೆತ್ತಿ ಬೀಸುತ್ತಿದ್ದ. ಆ ಕೈ ಗಾಳಿಯಲ್ಲಿ ಹಾಗೇ ಉಳಿಯಿತು. ಆಮೇಲೆ ಪರದೆ ಕಪ್ಪಾಯಿತು.

ಆಕೆ ಯಾರನ್ನೂ ಹೊರಗೆ ಹಾಕಿರಲಿಲ್ಲ. ಅವರೇ ಹೋಗಿದ್ದರು, ಎಲ್ಲ ಅತಿಥಿಗಳೂ ಹೋಗುವಂತೆ, ತಿರುವಿನಲ್ಲಿ ಮರೆಯಾಗಿ. ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು, ಖಾಲಿ ರಸ್ತೆಗೆ ಇನ್ನಷ್ಟು ಹೊತ್ತು ಕೈಬೀಸಿ, ಸ್ತಮೆಂಕಾ ಮನೆಗೆ ಮರಳಿದಳು.

ಆದರೆ ಕೋಟು ಬಿಚ್ಚಲಿಲ್ಲ. ಮೇಜಿನ ಮುಂದೆ ಬೂಟುಗಾಲಲ್ಲೇ ಕುಳಿತಳು.

"ಏನಾಯ್ತು? ಪಾಸೋ ಫೇಲೋ?" ಎಂದ ಲ್ಯುಬಿಸಾವ್.

"ತಲುಪಿದ್ರು ಅಂತ ತಿಳೀಲಿ, ಆಮೇಲೆ ಅದು."

ಮೊದಲು ಯೊರ್ದಾನ್‌ನ ಸಂದೇಶ ಬಂತು: ಸುಖವಾಗಿ ಸೇರಿದೆ. ಆತ ಆಸ್ಟ್ರಿಯದ ಹೆದ್ದಾರಿ ಬದಿಯಲ್ಲಿ ಕುಳಿತಲ್ಲಿಂದ ಅಲುಗಾಡಿರಲಿಲ್ಲ. ಆದರೆ ಸ್ತಮೆಂಕಾಳ ಜೊತೆ ಇಷ್ಟು ಕಾಲ ಒಡನಾಡಿದವನಿಗೆ ಆಕೆ ಕಾಯುತ್ತಿರುತ್ತಾಳೆಂದು ಗೊತ್ತಿತ್ತು. ಫಿಲೊಮೆನಾಳೂ ಮನೆ ಸೇರಿದ್ದಳು. ಮಾಲ್ಕಮ್‌ನ ಸಂದೇಶ ಮಾತ್ರ ಬೇಗ ಬರಲಿಲ್ಲ.

"ಅವ್ನ ಮನೆ ದೂರ," ಎಂದಳು ಸ್ತಮೆಂಕಾ.

ಕೊನೆಗೂ ಬಂತು. ಯಜಮಾನಿ ಕಾಣದಾದ ಮೇಲೆ ಕೋಣೆ ತಾನಾಗಿ ಮುಚ್ಚಿಕೊಂಡಿದೆ, ಆಗ ಸರಿಯಾಗಿ ಐದು ಗಂಟೆ. ಗುಂಡಿಯ ಬಗ್ಗೆ ಉಳಿದ ಗುರುಗಳು ಕೇಳಿದಾಗ, ಅತಿಥಿಗಳನ್ನು ತಿರುವಿನ ತನಕ ಬಂದು ಕಳಿಸಿಕೊಟ್ಟರು ಎಂದು ತಾನು ಹೇಳಿದ್ದೇನೆ, ಆಮೇಲೆ ಯಾರೂ ಏನೂ ಕೇಳಲಿಲ್ಲ. ಮುಂದಿನ ಗುರುವಾರ ಮಾತಾಡುವವರ ಸಾಲಿನಲ್ಲೇ ಆಕೆಯ ಜಾಗ. ಕೆಳಗೆ ಇನ್ನೊಂದು ಸಾಲಿತ್ತು: ತಾನೂ ಕ್ಷೇಮವಾಗಿ ಮನೆ ತಲುಪಿದೆ, ದಾರಿಯಲ್ಲಿ ಸ್ವಲ್ಪ ಮಳೆ ಸಿಕ್ಕಿತು.

ಸ್ತಮೆಂಕಾ ಅದನ್ನು ಎರಡು ಸಲ ಓದಿದಳು. ಮುಖ ಅರಳಿತು, ಮರುಕ್ಷಣವೇ ಮುದುಡಿತು.

"ಮಳೆಯಂತೆ ಮುದುಕಾ," ಎಂದಳು, ಕೋಟಿನ ಗುಂಡಿ ಬಿಚ್ಚುತ್ತ. "ಛೆ, ಕೊಡೆ ಕೊಟ್ಟು ಕಳಿಸ್ಬೇಕಿತ್ತು."