ಕೊನೇ ಬ್ಯಾಚಿನ ನಾಲ್ವರು

ನಮ್ಮ ನಾಲ್ವರ ಹೆಸರೂ ಒಂದೇ ಅಕ್ಷರದಿಂದ ಶುರುವಾಗುತ್ತಿತ್ತು. ಯಾವ ಹೆಸರು ಅಂತ ಇಲ್ಲಿ ಹೇಳುವುದಿಲ್ಲ, ಹೇಳಿದರೆ ಉಳಿದ ಮೂವರೂ ಫೋನ್ ಮಾಡಿ ಜಗಳಕ್ಕೆ ಬರುತ್ತಾರೆ. ನಮ್ಮ ಕಾಲೇಜಿನಲ್ಲಿ ಹಾಜರಿ ಪಟ್ಟಿ ಇಂಗ್ಲಿಷ್ ಅಕ್ಷರದ ಕ್ರಮದಲ್ಲಿರುತ್ತಿತ್ತು. ಆ ಪಟ್ಟಿಯ ಬಾಲದಲ್ಲಿ ನಾವು ಒಬ್ಬರ ಹಿಂದೆ ಒಬ್ಬರು ಇದ್ದೆವು. ಮೊದಲ ಸೆಮಿಸ್ಟರಿನ ಫಿಸಿಕ್ಸ್ ಲ್ಯಾಬಿನಲ್ಲಿ ನಾಲ್ವರನ್ನೂ ಒಂದೇ ಮೇಜಿಗೆ ಹಾಕಿದರು. ಆಮೇಲೆ ಎಲ್ಲ ಲ್ಯಾಬು, ಎಲ್ಲ ಸೆಮಿನಾರುಗಳಲ್ಲೂ ನನ್ನ ಎದುರಿಗೆ ಅದೇ ಮೂರು ಮುಖ.

ಮೂರನೇ ವರ್ಷದಲ್ಲಿ ಒಮ್ಮೆ ತಪ್ಪಿಸಿಕೊಳ್ಳಲು ನೋಡಿದೆ. ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ, ಬೇರೆ ಬ್ಯಾಚಿಗೆ ಹಾಕಿ ಸರ್ ಅಂತ ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಮದ್ವೆಗಾದ್ರೂ ಡೈವೋರ್ಸ್ ಇದೆ ಕಣಮ್ಮ, ಬ್ಯಾಚ್‌ಗಿಲ್ಲ. ಹೋಗು."

ಮೂವರನ್ನೂ ಸ್ವಲ್ಪ ಪರಿಚಯ ಮಾಡಿಕೊಡುತ್ತೇನೆ. ಒಬ್ಬ ಜಡಿಗೇನಹಳ್ಳಿ ಕಡೆಯವನು. ಮನೆಯಲ್ಲಿ ಸೇವಂತಿಗೆ, ಬೀನ್ಸು ಬೆಳೆಯುತ್ತಿದ್ದರು. ಬೆಳಕು ಹರಿಯುವ ಮುಂಚೆ ಎದ್ದು ಹೂ ಬಿಡಿಸಿ, ಮೂಟೆ ಕಟ್ಟಿ ಗಾಡಿಗೆ ಹಾಕಿ, ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬರುತ್ತಿದ್ದ. ಬಂದವನು ನಿದ್ದೆ ಮಾಡುತ್ತಿದ್ದ. ಕೂತು, ಗೋಡೆಗೊರಗಿ, ಕೊನೆಗೆ ಲ್ಯಾಬಿನ ಮೇಜು ಹಿಡಿದು ನಿಂತುಕೊಂಡೇ ನಿದ್ದೆ ಮಾಡುವುದನ್ನೂ ಕಲಿತಿದ್ದ. ಕಣ್ಣು ಅರ್ಧ ತೆರೆದಿರುತ್ತಿತ್ತು, ಆದ್ದರಿಂದ ಹೊಸ ಮೇಷ್ಟರಿಗೆ ಅವನು ತುಂಬ ಯೋಚನೆ ಮಾಡುವ ಹುಡುಗನಂತೆ ಕಾಣುತ್ತಿದ್ದ. ಯಾರಾದರೂ ಹೆಸರು ಹಿಡಿದು ಪ್ರಶ್ನೆ ಕೇಳಿದರೆ ತಟ್ಟನೆ ಎದ್ದು, "ಅದು ಟೆಂಪರೇಚರ್ ಮೇಲೆ ಡಿಪೆಂಡ್ ಆಗತ್ತೆ ಸರ್" ಅನ್ನುತ್ತಿದ್ದ. ಪ್ರಶ್ನೆ ಯಾವುದೇ ಇರಲಿ, ಉತ್ತರ ಇದೇ. ಎಲೆಕ್ಟ್ರಾನಿಕ್ಸ್‌ನಲ್ಲಿ ಮುಕ್ಕಾಲು ಪಾಲು ಸಂಗತಿಗಳು ನಿಜವಾಗಿಯೂ ಟೆಂಪರೇಚರ್ ಮೇಲೆ ಡಿಪೆಂಡ್ ಆಗುತ್ತವೆ. ನಾಲ್ಕು ವರ್ಷ ಅವನನ್ನು ಹಿಡಿಯಲು ಯಾರಿಂದಲೂ ಆಗಲಿಲ್ಲ.

ಎರಡನೆಯವನ ತಂದೆ ಸೋಂಪುರದ ಫ್ಯಾಕ್ಟರಿಯೊಂದರಲ್ಲಿದ್ದರು. ಇವನ ಜೇಬಿನಲ್ಲಿ ಯಾವಾಗಲೂ ಒಂದು ಸ್ಕ್ರೂಡ್ರೈವರ್. ಕಣ್ಣಿಗೆ ಬಿದ್ದದ್ದನ್ನೆಲ್ಲ ಬಿಚ್ಚುತ್ತಿದ್ದ. ಫ್ಯಾನಿನ ರೆಗ್ಯುಲೇಟರ್, ಬಸ್ಸಿನ ಸ್ಪೀಕರ್, ನನ್ನ ಕ್ಯಾಲ್ಕುಲೇಟರ್, ಯಾವುದನ್ನೂ ಬಿಡಲಿಲ್ಲ. ಬಿಚ್ಚುವುದರಲ್ಲಿ ಅವನಷ್ಟು ಚುರುಕಾದವರನ್ನು ನಾನು ಕಂಡಿಲ್ಲ. ಕಷ್ಟ ಶುರುವಾಗುವುದು ಮತ್ತೆ ಜೋಡಿಸುವಾಗ. ಪ್ರತಿ ಸಲವೂ ಎರಡು ಸ್ಕ್ರೂ ಮಿಗುತ್ತಿದ್ದವು. "ಕಂಪ್ನಿಯೋರು ಸುಮ್ನೆ ಜಾಸ್ತಿ ಹಾಕಿರ್ತಾರೆ ಕಣೇ" ಅಂತ ಅವುಗಳನ್ನು ಜೇಬಿಗೆ ಸೇರಿಸಿಕೊಳ್ಳುತ್ತಿದ್ದ. ಅದಾದ ಮೇಲೆ ನನ್ನ ಕ್ಯಾಲ್ಕುಲೇಟರು ಏಳನ್ನು ಒತ್ತಿದರೆ ನಾಲ್ಕು ತೋರಿಸುತ್ತಿತ್ತು.

ಮೂರನೆಯವಳು ದೇವನಹಳ್ಳಿಯವಳು. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗೆ. ಲ್ಯಾಬಿನ ರೆಕಾರ್ಡ್ ಪುಸ್ತಕವನ್ನು ಅವಳು ಮದುವೆಯ ಕರೆಯೋಲೆಯಷ್ಟು ಅಂದವಾಗಿ ಬರೆಯುತ್ತಿದ್ದಳು, ಅದೂ ಪ್ರಯೋಗ ಮಾಡುವ ಹಿಂದಿನ ದಿನವೇ. ಬರೆದ ಮೇಲೆ ಒಂದು ಅಂಕಿಯನ್ನೂ ತಿದ್ದಲು ಬಿಡುತ್ತಿರಲಿಲ್ಲ, ಪುಟ ಕೊಳಕಾಗುತ್ತದೆ ಅಂತ. ಹಾಗಾಗಿ ಅವಳು ಬರೆದ ಅಂಕಿ ಬರುವವರೆಗೂ ನಾವು ಮೀಟರಿನ ಮುಂದೆ ಕೂತಿರಬೇಕಾಗುತ್ತಿತ್ತು. ಮಾತು ಮಾತ್ರ ಬಲು ಕಡಿಮೆ. ಮೇಷ್ಟರು ಎದುರಿಗೆ ನಿಂತರೆ ತುಟಿ ಅಲ್ಲಾಡುತ್ತಿತ್ತು, ದನಿ ಹೊರಗೆ ಬರುತ್ತಿರಲಿಲ್ಲ.

ಅವಳ ದನಿಯನ್ನೂ ಸೇರಿಸಿ ನಾನೇ ಮಾತಾಡುತ್ತಿದ್ದೆ. ನಾನು ದೊಡ್ಡಬಳ್ಳಾಪುರದ ನೇಕಾರರ ಮನೆಯವಳು. ನಮ್ಮ ಹಜಾರದಲ್ಲಿ ನಾಲ್ಕು ಪವರ್‌ಲೂಮ್. ಆ ಸದ್ದಿನಲ್ಲಿ ಹುಟ್ಟಿ ಬೆಳೆದವರು ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ. ಲೈಬ್ರರಿಯಿಂದ ನನ್ನನ್ನು ಮೂರು ಸಲ ಆಚೆ ಕಳಿಸಿದ್ದರು. ಮೂವರಿಗೂ ಉತ್ತರ ಹೇಳಿಕೊಡುವುದು, ಮೇಷ್ಟರ ಹತ್ತಿರ ಗಡುವು ಮುಂದಕ್ಕೆ ಹಾಕಿಸುವುದು, ಬೈಯುವುದು, ಎಲ್ಲ ನನ್ನದೇ ಕೆಲಸ. ನಾನಿಲ್ಲದಿದ್ದರೆ ಈ ಮೂವರೂ ಮುಳುಗುತ್ತಾರೆ ಅಂತ ನನಗೆ ಖಾತ್ರಿಯಿತ್ತು. ನಾಲ್ಕು ವರ್ಷ ಅವರನ್ನು ಬೈದುಕೊಂಡೇ ಆ ಖಾತ್ರಿಯನ್ನು ಇಟ್ಟುಕೊಂಡಿದ್ದೆ.

ಕೊನೇ ವರ್ಷದ ಪ್ರಾಜೆಕ್ಟ್ ಬಂತು. ಮಗ್ಗದ ಸದ್ದಿನಿಂದ ದೂರ ಹೋಗಬೇಕು ಅಂತಲೇ ನಾನು ಇಂಜಿನಿಯರಿಂಗ್ ಸೇರಿದ್ದು. ನಮ್ಮ ಗೈಡ್ ಮೇಡಂ ಪಟ್ಟಿ ನೋಡಿ, ನನ್ನ ಕಡೆ ತಿರುಗಿ, "ನಿಮ್ಮನೇಲಿ ಮಗ್ಗ ಇದ್ಯಲ್ಲ? ಎಳೆ ಕಡಿದ್ರೆ ತಾನೇ ನಿಲ್ಲೋ ಥರ ಏನಾದ್ರೂ ಮಾಡಿ. ಲೋಕಲ್ ಪ್ರಾಬ್ಲಮ್ಮು, ಮಾರ್ಕ್ಸ್ ಬರತ್ತೆ" ಅಂದರು. ಮೂವರೂ ಒಟ್ಟಿಗೆ ತಲೆಯಾಡಿಸಿದರು. ನನ್ನನ್ನು ಯಾರೂ ಕೇಳಲಿಲ್ಲ.

ಮೂರು ತಿಂಗಳು ಪ್ರತಿ ಭಾನುವಾರ ಅವರು ನಮ್ಮ ಮನೆಗೆ ಬಂದರು. ಹೂವಿನ ಹುಡುಗ ನಾಲ್ಕು ಮಗ್ಗಗಳ ನಡುವೆ ನೂಲಿನ ಚೀಲಗಳ ಮೇಲೆ ಗಾಢವಾಗಿ ಮಲಗಿದ. ಸೋಂಪುರದವನು ಓಡುತ್ತಿದ್ದ ಮಗ್ಗದ ಹತ್ತಿರ ಹೋದಾಗಲೆಲ್ಲ ಅಪ್ಪ ಅವನ ಕೈ ಹಿಡಿದು ಪಕ್ಕಕ್ಕೆ ಕೂರಿಸುತ್ತಿದ್ದರು. ಕಡೆಗೂ ಒಂದು ಪೆಟ್ಟಿಗೆ ತಯಾರಾಯಿತು. ಉದ್ದಕ್ಕೆ ಬಿಗಿದ ಹಾಸಿನ ಎಳೆ ಕಡಿದರೆ ಅದು ಕಿರುಚಬೇಕು, ಮಗ್ಗ ನಿಲ್ಲಿಸಬೇಕು. ಅಪ್ಪ ಒಳಮನೆಯಲ್ಲಿ ಕಾಫಿ ಕುಡಿಯುತ್ತಾ ಸದ್ದಿನಲ್ಲೇ ಎಳೆ ಕಡಿದದ್ದನ್ನು ಗುರುತಿಸಿ ಎದ್ದು ಬರುತ್ತಿದ್ದರು. ನಮ್ಮ ಪೆಟ್ಟಿಗೆ ಆಮೇಲೆ ಕಿರುಚುತ್ತಿತ್ತು.

"ನಿಮ್ ಡಬ್ಬ ಕೂಗೋ ಹೊತ್ಗೆ ನಾನು ಗಂಟಾಕಿ ಮುಗಿಸಿರ್ತೀನಲ್ಲಮ್ಮ" ಅಂತ ನಕ್ಕರು. ದೇವನಹಳ್ಳಿಯ ಗೆಳತಿ ಅದನ್ನು ವರದಿಯಲ್ಲಿ 'ಬಳಕೆದಾರರ ಅಭಿಪ್ರಾಯ' ಎಂಬ ತಲೆಬರಹದಡಿ, ನಗುವನ್ನು ಬಿಟ್ಟು, ಚೆಂದದ ಅಕ್ಷರದಲ್ಲಿ ಬರೆದುಕೊಂಡಳು.

ವೈವಾ ದಿನ ಬಂತು. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಪಟ್ಟಿಯ ಮೇಲಿಂದ ಶುರು ಮಾಡಿದರು. ಬಾಲದಲ್ಲಿದ್ದ ನಮ್ಮ ತನಕ ಬರುವ ಹೊತ್ತಿಗೆ ಸಂಜೆಯಾಗಿ, "ಇವ್ರನ್ನ ನಾಳೆ ಬೆಳಿಗ್ಗೆ ಮೊದ್ಲು ನೋಡ್ತೀನಿ" ಅಂತ ಹೊರಟರು. ಆ ನಾಳೆ ಮಧ್ಯಾಹ್ನ ಎರಡೂವರೆಗೆ ನನಗೊಂದು ಇಂಟರ್‌ವ್ಯೂ ಇತ್ತು. ದೇವನಹಳ್ಳಿ ದಾರಿಯಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡುವ ಒಂದು ಕಂಪನಿ. ಬರೆಯುವ ಪರೀಕ್ಷೆಯಲ್ಲಿ ಆಯ್ಕೆಯಾಗಿದ್ದೆ, ಉಳಿದದ್ದು ಮಾತು. ಮಾತಲ್ಲವೇ, ನನಗೇನು ಭಯ? ಬೆಳಿಗ್ಗೆ ಹತ್ತಕ್ಕೆ ವೈವಾ ಮುಗಿದರೆ ಊಟ ಮಾಡಿಕೊಂಡು ಹೋಗಬಹುದು ಅಂದುಕೊಂಡು ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಕಾಲೇಜಿಗೆ ಹೋದೆ.

ಹತ್ತಾಯಿತು. ಹನ್ನೊಂದಾಯಿತು. ಪರೀಕ್ಷಕರು ಬರಲಿಲ್ಲ. ಇಡೀ ಲ್ಯಾಬಿನಲ್ಲಿ ನಾವು ನಾಲ್ವರೇ, ಮೇಜಿನ ಮೇಲೆ ನಮ್ಮ ಮಾದರಿ. ಮರದ ಚೌಕಟ್ಟಿಗೆ ಬಿಗಿದ ಎಳೆಗಳು, ಒಂದು ಸಣ್ಣ ಮೋಟಾರು, ಆ ಪೆಟ್ಟಿಗೆ. ಗೈಡ್ ಮೇಡಂ ಬಂದು, "ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದಾರಂತೆ. ನಾಲ್ಕು ಜನಾನೂ ಇಲ್ಲೇ ಇರ್ಬೇಕು. ಒಬ್ರಿಲ್ಲ ಅಂದ್ರೂ ಬ್ಯಾಚ್ ತಗೊಳಲ್ಲ ಅವ್ರು" ಅಂತ ಹೇಳಿ ಹೋದರು.

ಹನ್ನೆರಡೂವರೆಗೆ ಲ್ಯಾಬಿನ ಅಟೆಂಡರ್ ಊಟಕ್ಕೆ ಹೊರಟ. ಹೊರಗಿನಿಂದ ಚಿಲಕ ಎಳೆದ ಸದ್ದು, ಹಿಂದೆಯೇ ಬೀಗದ ಸದ್ದು ಕೇಳಿಸಿತು. ನಾನು ಬಾಗಿಲು ಬಡಿದೆ.

"ಅಣ್ಣಾ, ಒಳಗಿದೀವಿ ನಾವು!"

"ಗೊತ್ತು ಕಣಮ್ಮ. ಹೋದ್ವರ್ಷ ಊಟಕ್ಕೆ ಅಂತ ಹೋದೋರು ವಾಪಸ್ ಬರ್ಲೇ ಇಲ್ಲ. ಸಾಹೇಬ್ರು ಬೀಗ ಹಾಕು ಅಂದವ್ರೆ. ಅರ್ಧ ಗಂಟೆ, ಬಂದ್ಬಿಡ್ತೀನಿ."

ಅವನ ಚಪ್ಪಲಿ ಸದ್ದು ಮೆಟ್ಟಿಲಿಳಿದು ಹೋಯಿತು. ಎರಡನೇ ಮಹಡಿ, ಕಿಟಕಿಗೆ ಸರಳು. ಗಾಜಿನಾಚೆ ಹೆದ್ದಾರಿಯಲ್ಲಿ ದೇವನಹಳ್ಳಿ ಕಡೆಯ ಬಸ್ಸುಗಳು ಒಂದಾದ ಮೇಲೊಂದು ಹೋಗುತ್ತಿದ್ದವು. ನಾನು ಗೈಡ್ ಮೇಡಂಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕಾಲೇಜಿನ ಆಫೀಸಿಗೆ ಮಾಡಿದೆ, ಗಂಟೆ ಹೊಡೆದುಕೊಂಡೇ ಇತ್ತು. ಅರ್ಧ ಗಂಟೆ ಕಳೆದರೂ ಅಟೆಂಡರ್ ಬರಲಿಲ್ಲ.  ಆಗ ತಡೆಯಲಾಗದೆ ಮೂವರಿಗೂ ಇಂಟರ್‌ವ್ಯೂ ವಿಷಯ ಹೇಳಿದೆ. ಅಲ್ಲಿಯವರೆಗೆ ಹೇಳಿರಲಿಲ್ಲ. ಅವರ್ಯಾರೂ ಆಯ್ಕೆಯಾಗಿರಲಿಲ್ಲ, ಅದಕ್ಕೆ.

ಹೂವಿನ ಹುಡುಗ ಪೂರ್ತಿ ಕಣ್ಣು ಬಿಟ್ಟ. ಅವನ ಕಣ್ಣು ಕಂದು ಬಣ್ಣದ್ದು ಅಂತ ನನಗೆ ಗೊತ್ತಾದದ್ದು ಆಗಲೇ.

ಸೋಂಪುರದವನು ಎದ್ದು ಬಾಗಿಲ ಹತ್ತಿರ ಹೋಗಿ, ಮೇಲಿಂದ ಕೆಳಗೆ ನೋಡಿದ. "ಕೀಲು ಒಳಗಡೆನೇ ಇದೆ ಕಣ್ರೋ" ಅಂದ.

"ಏಯ್, ಬೇಡ" ಅಂದೆ ನಾನು. ಅಷ್ಟರಲ್ಲಿ ಮೊದಲ ಸ್ಕ್ರೂ ಅವನ ಅಂಗೈಯಲ್ಲಿತ್ತು.

ಹತ್ತೇ ನಿಮಿಷ. ಮೂರು ಕೀಲೂ ಕಳಚಿದವು. ಹೂವಿನ ಹುಡುಗನೂ ಅವನೂ ಸೇರಿ ಬಾಗಿಲನ್ನು ಓರೆಯಾಗಿ ಒಳಕ್ಕೆ ಎಳೆದರು. ಒಬ್ಬರು ನುಸುಳುವಷ್ಟು ಜಾಗವಾಯಿತು. ಆಚೆ ಖಾಲಿ ಕಾರಿಡಾರು, ಅದರ ಕೊನೆಗೆ ಮೆಟ್ಟಿಲು. ಗಂಟೆ ಒಂದೂ ಇಪ್ಪತ್ತು.

"ಹೋಗು ಲೇ. ಈಗ ಹೊರಟ್ರೆ ಸಿಗತ್ತೆ" ಅಂದ ಸೋಂಪುರದವನು.

"ನಾವ್ ನೋಡ್ಕೊತೀವಿ. ಹುಷಾರಿಲ್ದಂಗಾಯ್ತು ಅಂತ ಹೇಳ್ತೀವಿ" ಅಂದ ಇನ್ನೊಬ್ಬ.

 ಗೆಳತಿ ನನ್ನ ಬ್ಯಾಗು ತಂದು ಕೈಗಿಟ್ಟಳು.

ನಾನು ಆ ಸಂದಿನಲ್ಲಿ ನಿಂತೆ. ಒಂದು ಕಾಲು ಆಚೆ, ಒಂದು ಕಾಲು ಈಚೆ. ನಾನು ಹೋದರೆ ಏನಾಗುತ್ತದೆ ಅಂತ ಯೋಚಿಸಿದೆ. ಇವನು ನಿದ್ದೆ ಹೋಗುತ್ತಾನೆ, ಅವನು ಪರೀಕ್ಷಕರ ಪೆನ್ನು ಬಿಚ್ಚುತ್ತಾನೆ, ಇವಳ ದನಿ ಹೊರಗೆ ಬರುವುದಿಲ್ಲ. ನಾಲ್ವರಿಗೂ ಆಬ್ಸೆಂಟ್ ಬೀಳುತ್ತದೆ. ಮತ್ತೆ ಆರು ತಿಂಗಳು ಇದೇ ಮೇಜು, ಇದೇ ಮುಖಗಳು.  ಆಚೆಗಿಟ್ಟ ಕಾಲನ್ನು ಒಳಗೆ ತೆಗೆದುಕೊಂಡೆ.

"ಬಾಗ್ಲು ಹಾಕೋ" ಅಂದೆ.

ಹಾಕಲು ಆಗಬೇಕಲ್ಲ. ಬಿಚ್ಚಲು ಹತ್ತು ನಿಮಿಷ, ಜೋಡಿಸಲು ಮುಕ್ಕಾಲು ಗಂಟೆಯಾದರೂ ಆಗಲಿಲ್ಲ. ಮೇಲಿನ ಕೀಲು ಕೂತರೆ ಕೆಳಗಿನದು ಕೂರದು. ಹೂವಿನ ಹುಡುಗ ಬಾಗಿಲಿಗೆ ಬೆನ್ನು ಕೊಟ್ಟು ಅದನ್ನು ಹಿಡಿದು ನಿಂತ. ಅಟೆಂಡರ್ ಹೊರಗಿನಿಂದ ಬೀಗ ತೆಗೆದಾಗ ಗಂಟೆ ಎರಡೂಕಾಲು. ಅವನ ಹಿಂದೆಯೇ ಪರೀಕ್ಷಕರೂ ಗೈಡ್ ಮೇಡಮ್ಮೂ ನಿಂತಿದ್ದರು. ಅವನು ಬಾಗಿಲು ತಳ್ಳಿದ. ಬಾಗಿಲು ತೆರೆಯುವ ಬದಲು ಇಡಿಯಾಗಿ ಹೂವಿನ ಹುಡುಗನ ಬೆನ್ನ ಮೇಲೆ ವಾಲಿತು. ಅವನು ಅದನ್ನು ಹೊತ್ತುಕೊಂಡೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ದೊಡ್ಡವರಿಗೆ ದಾರಿ ಬಿಟ್ಟ.

"ಇದೇನಿದು?" ಅಂದರು ಪರೀಕ್ಷಕರು.

"ಅದು ಟೆಂಪರೇಚರ್..." ಅಂತ ಶುರು ಮಾಡಿದ. ನಾನು ಅವನ ಕಾಲು ತುಳಿದೆ.

ಪರೀಕ್ಷಕರಿಗೆ ಅವಸರ. ಬಾಗಿಲಿನ ವಿಷಯ ಬಿಟ್ಟು ಸೀದಾ ಮಾದರಿಯ ಹತ್ತಿರ ಬಂದರು. ನಾನು ಗಂಟಲು ಸರಿಮಾಡಿಕೊಂಡು ಮುಂದೆ ಹೆಜ್ಜೆ ಇಟ್ಟೆ. ಅವರು ನನ್ನ ಕಡೆ ನೋಡದೆ ನನ್ನ ಗೆಳತಿಗೆ ಬೆರಳು ತೋರಿಸಿದರು. "ನೀವು ಹೇಳಿ. ಇದು ಹೇಗೆ ಕೆಲಸ ಮಾಡತ್ತೆ?"

 ಅವಳ ತುಟಿ ಎಂದಿನಂತೆ ಅಲ್ಲಾಡಿತು. ಆಮೇಲೆ ದನಿ ಬಂತು. ಸಣ್ಣ ದನಿ, ಆದರೆ ಒಂದು ಪದವೂ ತಪ್ಪಲಿಲ್ಲ. ತಾನು ಬರೆದ ವರದಿಯನ್ನು ಮೊದಲಿಂದ ಕೊನೆಯವರೆಗೆ ಬಾಯಿಪಾಠ ಮಾಡಿಕೊಂಡು ಬಂದಿದ್ದಳು, ಪುಟಸಂಖ್ಯೆಯ ಸಮೇತ. ಒಳಗಿರುವ ಭಾಗಗಳು ಯಾವುವು ಅಂತ ಕೇಳಿದಾಗ ಸೋಂಪುರದವನು ಪೆಟ್ಟಿಗೆ ಬಿಚ್ಚಿಯೇ ತೋರಿಸಿದ. ಬೇಸಿಗೆಯಲ್ಲಿ ಸೆನ್ಸರ್ ತಪ್ಪು ತೋರಿಸಿದರೆ ಯಾಕೆ ಅಂತ ಹೂವಿನ ಹುಡುಗನನ್ನು ಕೇಳಿದರು. ಅವನು ತನ್ನ ಉತ್ತರ ಹೇಳಿದ. "ಕರೆಕ್ಟ್" ಅಂದರು.

ಕೊನೆಗೆ ಎಳೆ ಕತ್ತರಿಸಿ ತೋರಿಸಿದೆವು. ಪೆಟ್ಟಿಗೆ ಕಿರುಚಿತು, ಮೋಟಾರು ನಿಂತಿತು. ಮತ್ತೆ ಶುರು ಮಾಡಲು ಹೋದರೆ ಶುರುವಾಗಲಿಲ್ಲ.

"ನಿಲ್ಲಿಸೋದು ತಾನೇ ನಿಮ್ಮ ಪ್ರಾಜೆಕ್ಟು?" ಅಂದರು ಪರೀಕ್ಷಕರು.

"ಹೌದು ಸರ್" ಅಂದೆವು ನಾಲ್ವರೂ.

ಅವರು ಸಹಿ ಹಾಕುತ್ತಾ ಮೊದಲ ಸಲ ನನ್ನ ಕಡೆ ತಿರುಗಿದರು. "ನೀವು ದೊಡ್ಡಬಳ್ಳಾಪುರ ಅಲ್ವಾ? ನಮ್ಮ ಮನೆಯವ್ರು ಕೇಳ್ತಾ ಇದ್ರು, ಅಲ್ಲಿ ಸೀರೆ ಎಲ್ಲಿ ಚೆನ್ನಾಗಿ ಸಿಗತ್ತಮ್ಮ?"

ಹೇಳಿದೆ. ನನ್ನ ವೈವಾ ಅಷ್ಟೇ.

ಹೊರಗೆ ಬಂದು ನೋಡಿದರೆ ಎರಡೂ ಮುಕ್ಕಾಲು. ಫೋನಿನಲ್ಲಿ ಎರಡು ಮಿಸ್ಡ್ ಕಾಲ್. ತಿರುಗಿ ಮಾಡಿದೆ. ಒಬ್ಬ ಹೆಂಗಸು, "ನಿಮ್ಮ ಸ್ಲಾಟ್ ಆಗೋಯ್ತಲ್ಲ ಮೇಡಂ, ಇನ್ನೊಬ್ರನ್ನ ತಗೊಂಡ್ರು" ಅಂದಳು. ಕ್ಯಾಂಟೀನಿನ ಕಟ್ಟೆಯ ಮೇಲೆ ಮೂವರೂ ನನಗಾಗಿ ಚಿತ್ರಾನ್ನದ ತಟ್ಟೆ ಹಿಡಿದು ಕಾಯುತ್ತಿದ್ದರು.

"ಏನಂದ್ರು?" ಅಂತ ಕೇಳಿದಳು ಗೆಳತಿ.

"ಮುಗೀತಂತೆ. ನಿಮ್ಮಿಂದಾನೇ" ಅಂದೆ. ಇಡೀ ಕ್ಯಾಂಟೀನು ತಿರುಗಿ ನೋಡಿತು.

ಅವಳು ಅತ್ತಳು. ಹುಡುಗರಿಬ್ಬರೂ ತಲೆ ತಗ್ಗಿಸಿದರು. ನನಗೆ ಸಿಟ್ಟು ಬಂದದ್ದು ಇಂಟರ್‌ವ್ಯೂ ತಪ್ಪಿದ್ದಕ್ಕಲ್ಲ, ನನ್ನ ಒಂದು ಮಾತೂ ಇಲ್ಲದೆ ಅವರು ದಾಟಿದರಲ್ಲ ಅನ್ನುವುದಕ್ಕೆ. ಇದು ಗೊತ್ತಾಗಲು ನನಗೆ ಬಹಳ ದಿನ ಹಿಡಿಯಿತು. ಆಗ ಗೊತ್ತಿದ್ದರೆ ಹಾಗೆ ಅನ್ನುತ್ತಿರಲಿಲ್ಲವೋ ಏನೋ.

ಫಲಿತಾಂಶ ಬಂತು, ನಾಲ್ವರೂ ಪಾಸು. ಗೆಳತಿಗೆ ಔಷಧ ಕಂಪನಿಯೊಂದರಲ್ಲಿ ದಾಖಲೆ ಬರೆಯುವ ಕೆಲಸ ಸಿಕ್ಕಿತು. ಸೋಂಪುರದವನು ಅಪ್ಪನ ಫ್ಯಾಕ್ಟರಿಯ ಪಕ್ಕದ ಫ್ಯಾಕ್ಟರಿಗೆ ಮೇಂಟೆನೆನ್ಸಿಗೆ ಸೇರಿದ. ಅಲ್ಲಿ ಜೋಡಿಸಲು ಬೇರೆಯವರಿದ್ದಾರಂತೆ. ಹೂವಿನ ಹುಡುಗ ಹನಿ ನೀರಾವರಿ ಉಪಕರಣದ ಕಂಪನಿಗೆ ಸೇರಿ ಹೊಲ ಹೊಲ ತಿರುಗುತ್ತಾನೆ. ನಾನು ಕೆಲಸ ಸಿಗದೆ ಹತ್ತು ತಿಂಗಳು ಮನೆಯಲ್ಲಿದ್ದೆ. ಅರ್ಜಿ ಹಾಕುವುದು, ಸಂಜೆಯವರೆಗೆ ಕಂಡಿಕೆಗೆ ನೂಲು ಸುತ್ತುವುದು, ನಾಲ್ಕು ಮಗ್ಗದ ಸದ್ದಿನೊಳಗೆ ಫೋನು ಬಂದರೂ ಕೇಳಿಸದೇ ಹೋದೀತು ಅಂತ ಅದನ್ನು ಕೈಯಲ್ಲೇ ಹಿಡಿದು ಕೂರುವುದು. ಅಮ್ಮ ಒಮ್ಮೆ, "ಅವತ್ತು ಹೋಗಿದ್ರೆ ಆಗ್ತಿತ್ತೇನೋ" ಅಂದರು. ಅಪ್ಪ, "ಸುಮ್ನಿರು, ಅವಳ್ಗೆ ಗೊತ್ತಿಲ್ವಾ" ಅಂದರು.

ಆ ಹತ್ತು ತಿಂಗಳ ನಡುವೆಯೇ, ಮಳೆಗಾಲದ ಒಂದು ಭಾನುವಾರ, ಮೂವರೂ ಹೇಳದೆ ಕೇಳದೆ ಮನೆಗೆ ಬಂದರು. ಕ್ಯಾಂಟೀನಿನ ಸಿಟ್ಟು ಇನ್ನೂ ಇತ್ತು, ನಾನು ಮಾತಾಡಿಸಲಿಲ್ಲ. ಅಮ್ಮ ಉಪ್ಪಿಟ್ಟು ಮಾಡಿದರು. ತಿಂದರು, ತಟ್ಟೆ ತೊಳೆದಿಟ್ಟರು, ಕೂತರು. ಸಂಜೆಯಾದರೂ ಎದ್ದು ಹೋಗುವ ಲಕ್ಷಣ ಕಾಣಲಿಲ್ಲ. ಕೊನೆಗೆ ನಾನೇ, "ಬಸ್ಸಿಗೆ ಟೈಮಾಗ್ಲಿಲ್ವಾ ನಿಮ್ಗೆ?" ಅಂತ ಕೇಳಿದೆ.

"ಹೋಗ್ತೀವಿ" ಅಂದಳು ಗೆಳತಿ. "ನೀನು ಬೈದ್ಮೇಲೆ."

ಬೈದೆ. ಮಗ್ಗಗಳು ಓಡುತ್ತಿದ್ದವು, ಆದ್ದರಿಂದ ಮನಸ್ಸಿಗೆ ಬಂದಷ್ಟು ಜೋರಾಗಿ ಬೈದೆ. ಅವರು ತಲೆಯಾಡಿಸುತ್ತಾ ಕೇಳಿಸಿಕೊಂಡರು, ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟರು. ನಾನು ಬೀದಿಯ ತಿರುವಿನ ತನಕ ಜೊತೆಗೆ ಹೋದೆ.