ಕುಂಕುಮ ಮೆತ್ತಿದ ಪಿಸ್ತೂಲು

ವಿಜಯದಶಮಿಯ ಮಾರನೆಯ ದಿನ ಹೊಲಿಗೆ ಮಿಷನ್ನು ತುಳಿದರೆ ಗಾಲಿ ತಿರುಗಲೇ ಇಲ್ಲ. ಮುಚ್ಚಳ ಬಿಚ್ಚಿ ನೋಡಿದೆ. ಆಯುಧಪೂಜೆಗೆ ನಾನೇ ಧಾರಾಳವಾಗಿ ಇಟ್ಟಿದ್ದ ಅರಿಶಿನ ಕುಂಕುಮ ಎಣ್ಣೆಯ ಜೊತೆ ಸೇರಿ, ಸೂಜಿ ಕಂಬಿಯ ಸುತ್ತ ಮೆತ್ತಿಕೊಂಡು ಗಟ್ಟಿಯಾಗಿತ್ತು. ಸೀಮೆಎಣ್ಣೆ ಬಟ್ಟೆಯಿಂದ ಒರೆಸುವಾಗ ಆ ಜಿಡ್ಡಿನ ವಾಸನೆ ಮೂಗಿಗೆ ಬಂತು... ಕೊಬ್ಬರಿ ಎಣ್ಣೆ, ಕುಂಕುಮ, ಕಬ್ಬಿಣ. ಹೊಲಿಯಬೇಕಾದ ರವಿಕೆಗಳು ಪಕ್ಕದಲ್ಲಿ ರಾಶಿ ಬಿದ್ದಿದ್ದವು. ನಾನು ಒರೆಸುವ ಬಟ್ಟೆ ಹಿಡಿದು ಹಾಗೇ ಕೂತುಬಿಟ್ಟೆ. ಇಂಥದ್ದೇ ಒಂದು ಜಿಡ್ಡಿನ ದೆಸೆಯಿಂದ ನಾನು ಇವತ್ತು ಬದುಕಿದ್ದೇನೆ ಎಂದರೆ ಯಾರೂ ನಂಬಲಿಕ್ಕಿಲ್ಲ.

ಮಧುಗಿರಿಯಲ್ಲಿ ನಮ್ಮ ತವರುಮನೆಯ ಪಕ್ಕದಲ್ಲಿ ಹುಣಸೆಹಣ್ಣಿನ ಮಂಡಿಯವರಿದ್ದರು. ನೆಂಟರೇನಲ್ಲ, ಆದರೂ ಅವರು ನನಗೆ ಮಾವ, ಅವರ ಹೆಂಡತಿ ಅತ್ತೆ. ಅವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ಎರಡೂ ಮನೆಗೆ ನಾನೊಬ್ಬಳೇ ಹುಡುಗಿ, ಎರಡೂ ಕಡೆ ನನ್ನ ದರ್ಬಾರು. ಮಾವ ಸಂತೆ ಮುಗಿಸಿ ಬಂದರೆ ಅಂಗಿಯ ಜೇಬಿನಲ್ಲಿ ನನಗೆಂದು ಸಿಹಿ ಹುಣಸೆಕಾಯಿ ಇರುತ್ತಿತ್ತು. 'ಬಂದ್ಳಪ್ಪ ಮಂಡಿ ಯಜಮಾನ್ತಿ' ಎಂದು ರೇಗಿಸುತ್ತಲೇ ಕೊಡುತ್ತಿದ್ದರು. ದಪ್ಪ ಮನುಷ್ಯ, ದೊಡ್ಡ ನಗು. ಅವರು ನಮ್ಮ ಜಗಲಿಯಲ್ಲಿ ಕೂತು ನಕ್ಕರೆ ಹಿತ್ತಿಲಿಗೆ ಕೇಳುತ್ತಿತ್ತು.

ಆ ನಗು ನಿಂತದ್ದು ಪುರವರದಿಂದ ಕೊಡಿಗೇನಹಳ್ಳಿಗೆ ಹೋಗುವ ದಾರಿಯಲ್ಲಿ. ಹಣ್ಣು ಖರೀದಿಗೆ ಹೊರಟಿದ್ದ ಮಾವನ ಬೈಕನ್ನು ಯಾರೋ ಅಡ್ಡಗಟ್ಟಿ, ಕಣ್ಣಿಗೆ ಖಾರದಪುಡಿ ಎರಚಿ, ಇದ್ದದ್ದನ್ನೆಲ್ಲ ಕಿತ್ತುಕೊಂಡು ಹೋದರು. ಹೋದದ್ದಕ್ಕೆ ಅವರು ಅಷ್ಟೇನೂ ಕೊರಗಲಿಲ್ಲ. ಆದರೆ ಕಣ್ಣು ಕಾಣದೆ ರಸ್ತೆಯ ಮೇಲೆ ತಡಕಾಡಿದ ಆ ಹೊತ್ತು ಅವರ ಮೈಯೊಳಗೆ ಇಳಿದು ಕೂತುಬಿಟ್ಟಿತು. ಬೆನ್ನ ಹಿಂದೆ ಪಾತ್ರೆ ಬಿದ್ದರೂ ಬೆಚ್ಚುತ್ತಿದ್ದರು. ಮಂಡಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿನ ಕಡೆಗೇ ಮುಖ ಮಾಡಿ ಕೂರುತ್ತಿದ್ದರು. ಅಂಥ ಮನುಷ್ಯ ಹೀಗೆ ಹೆದರುವುದನ್ನು ನೋಡಲಿಕ್ಕೆ ನನಗೆ ಸಂಕಟವಾಗುತ್ತಿತ್ತು.

ಓಡಾಡಿ ಓಡಾಡಿ, ಅರ್ಜಿ ಮೇಲೆ ಅರ್ಜಿ ಹಾಕಿ, ಕೊನೆಗೆ ಲೈಸೆನ್ಸ್ ಮಾಡಿಸಿಕೊಂಡು ಅವರೊಂದು ಪಿಸ್ತೂಲು ತಂದರು. ಜೇಬಿನಲ್ಲಿ ಹಿಡಿಸುವಂಥ ಪುಟ್ಟ ಪಿಸ್ತೂಲು, ಅಂಗಡಿಯಲ್ಲಿದ್ದವುಗಳ ಪೈಕಿ ಎಲ್ಲಕ್ಕಿಂತ ಅಗ್ಗದ್ದು. ತಂದ ದಿನ ನಮ್ಮ ಜಗಲಿಗೆ ಬಂದು ಅಪ್ಪನಿಗೆ ತೋರಿಸಿದರು. ಮುಖದಲ್ಲಿ ಹಳೆಯ ನಗು ಅರ್ಧ ಮರಳಿತ್ತು. ಆದರೆ ತರಬೇತಿಗೆಂದು ತುಮಕೂರಿಗೆ ಹೋದಾಗ ಅದು ಒಂದೆರಡು ಸಲ ಹಾರಿ, ಆಮೇಲೆ ಗುಂಡನ್ನು ಗಂಟಲಲ್ಲೇ ಸಿಕ್ಕಿಸಿಕೊಂಡು ಕೂತಿತಂತೆ. ತಟ್ಟಿ, ಒದರಿ ಸರಿಮಾಡಿದರೆ ಮತ್ತೆ ಮಾಮೂಲು. ಒಂದು ದಿನ ಕೆಲಸ ಮಾಡಿದರೆ ಇನ್ನೊಂದು ದಿನ ಮುಷ್ಕರ.

ಚುನಾವಣೆ ಬಂದಾಗ ಲೈಸೆನ್ಸಿನವರೆಲ್ಲ ಪೊಲೀಸ್ ಠಾಣೆಗೆ ಆಯುಧ ಒಪ್ಪಿಸಬೇಕಲ್ಲ, ಅಲ್ಲಿನ ಬೆಂಚಿನ ಮೇಲೆ ಬಂದೂಕಿನವರದ್ದೇ ಒಂದು ಸಭೆ ನೆರೆಯುತ್ತಿತ್ತಂತೆ. ತಂತಮ್ಮ ಬಂದೂಕಿನ ಕಾಯಿಲೆ ಕಸಾಲೆಯನ್ನು ಸೊಸೆಯ ಮೇಲೆ ದೂರು ಹೇಳಿದ ಹಾಗೆ ಹೇಳಿಕೊಳ್ಳುವುದು. ಹೊಲಕ್ಕೆ ನುಗ್ಗುವ ಹಂದಿ ಓಡಿಸಲು ನಾಡಬಂದೂಕು ಇಟ್ಟುಕೊಂಡಿದ್ದ ಚನ್ನರಾಯನದುರ್ಗದ ಕಡೆಯ ಅಜ್ಜನೊಬ್ಬ ಮಾವನ ಪಿಸ್ತೂಲನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, 'ಏನ್ ಸಾವ್ಕಾರ್ರೇ, ಇದು ಮೊಮ್ಮಕ್ಳಿಗೆ ತಂದಿದ್ದಾ?' ಎಂದನಂತೆ. ಇದನ್ನು ಮಾವನೇ ಬಂದು ಹೇಳಿದರು. ನಾವು ಬಿದ್ದು ಬಿದ್ದು ನಕ್ಕೆವು. ಅವರು ನಗಲಿಲ್ಲ. 'ಬೇಕಾದಾಗ ಹಾರ್‌ದಿದ್ರೆ ಏನ್ ಬಂತು ಕಣಮ್ಮ... ಜೇಬಲ್ಲಿ ಕಲ್ಲು ಇಟ್ಕೊಂಡಂಗೆ' ಎಂದರು.

ಕೊನೆಗೆ ಶಿರಾದಲ್ಲಿ ಬಂದೂಕು ರಿಪೇರಿ ಮಾಡುವ ಹಿರಿಯರೊಬ್ಬರ ಬಳಿಗೆ ಒಯ್ದರು. ಅವರು ಅದನ್ನು ಬಿಚ್ಚಿ ಹರಡಿ, ಒಂದು ಕಡ್ಡಿಗೆ ಬಟ್ಟೆ ಸುತ್ತಿ ಒಳಗೆ ತಿರುವಿ ಹೊರಗೆ ತೆಗೆದರೆ ಬಟ್ಟೆಯೆಲ್ಲ ಕೆಂಪಗಾಗಿತ್ತು. 'ಇದುಕ್ಕೆ ಏನ್ ಹಾಕ್ತೀರಿ ಮಾಲೀಕ್, ಪೂಜೆ ಮಾಡ್ತೀರಾ?' ಎಂದು ಕೇಳಿದರಂತೆ.

ಮಾಡುತ್ತಿದ್ದದ್ದು ಅತ್ತೆ. ಆಯುಧಪೂಜೆಗೆ ಮಂಡಿಯ ತಕ್ಕಡಿ, ಬೈಕು, ಮನೆಯ ಈಳಿಗೆಮಣೆಯ ಜೊತೆ ಪಿಸ್ತೂಲನ್ನೂ ಇಟ್ಟು, ಕೊಬ್ಬರಿ ಎಣ್ಣೆ ಸವರಿ, ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಅಷ್ಟು ಸಾಲದೆಂದು ಶುಕ್ರವಾರ ಶುಕ್ರವಾರವೂ ಒಂದು ಚಿಟಿಕೆ. ಅಗ್ಗದ ಮಾಲು ಅಗ್ಗದ ಬುದ್ಧಿ ತೋರಿಸುತ್ತಿತ್ತು ನಿಜ, ಆದರೆ ಒಳಗಿನ ಮೊಳೆ ಮುಂದೆ ಹೋಗಿ ಗುಂಡನ್ನು ಬಲವಾಗಿ ಹೊಡೆಯದಂತೆ ತಡೆಯುತ್ತಿದ್ದದ್ದು ಆ ಜಿಡ್ಡು. ಶಿರಾದಿಂದ ಬಂದ ಮಾವ ಎಂದೂ ಇಲ್ಲದ ಹಾಗೆ ಅತ್ತೆಯ ಮೇಲೆ ಕೂಗಾಡಿದರು. 'ಇನ್ಮೇಲೆ ಇದುನ್ನ ಮುಟ್ಟಿದ್ರೆ ನೋಡು. ನನ್ ಜೀವ ಇದ್ರಲ್ಲೈತೆ.' ಅತ್ತೆ ಆಮೇಲೆ ನಮ್ಮಮ್ಮನ ಹತ್ತಿರ ಬಂದು, 'ಆಯುಧ ಅಂದ್ಮೇಲೆ ಪೂಜೆ ಇಲ್ದಂಗೆ ಇಕ್ಕೋದಾ? ಒಳ್ಳೇದಾಯ್ತದಾ?' ಎಂದು ಗೊಣಗಿದರು.

ಆ ವರ್ಷದ ಆಯುಧಪೂಜೆಯಲ್ಲಿ ಮಾವ ಸ್ನಾನಕ್ಕೆ ಹೋದದ್ದನ್ನು ನೋಡಿಕೊಂಡು ಅತ್ತೆ ಪಿಸ್ತೂಲಿಗೆ ಪೂಜೆ ಮುಗಿಸಿದರು. ತಪ್ಪಿಹೋದ ಶುಕ್ರವಾರಗಳ ಬಾಕಿಯನ್ನೆಲ್ಲ ಸೇರಿಸಿ ಧಾರಾಳವಾಗಿಯೇ ಎಣ್ಣೆ ಬಿಟ್ಟರು. ಮೇಲೆ ಮಾತ್ರ ಸೆರಗಿನಿಂದ ಚೆನ್ನಾಗಿ ಒರೆಸಿ, ಇದ್ದ ಜಾಗದಲ್ಲಿ ಇಟ್ಟರು. ನನಗೆ ಗೊತ್ತು, ಕುಂಕುಮದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದವಳು ನಾನೇ.

ಮಾರನೆಯ ದಿನ ವಿಜಯದಶಮಿ. ಬೆಳಗಿನ ಜಾವ ಇನ್ನೂ ಮಬ್ಬಿತ್ತು, ಚಳಿ ಇತ್ತು. ಅವರ ಹಿತ್ತಿಲಿನ ದಾಸವಾಳ ಕೀಳಲು ನಾನು ಅಪ್ಪನ ಶಾಲನ್ನು ತಲೆ ತುಂಬ ಹೊದ್ದು ಹೊರಟೆ. ಎರಡೂ ಹಿತ್ತಿಲುಗಳ ನಡುವಿನ ಬಾಗಿಲಿನ ಚಿಲಕ ತೆಗೆಯಲು ಬರಲಿಲ್ಲ. ಕಾಲೇಜು ಹುಡುಗಿಯಾದರೂ ಬುದ್ಧಿ ಬೆಳೆದಿರಲಿಲ್ಲ, ಗೋಡೆ ಹತ್ತಿ ಅತ್ತ ಇಳಿಯಲು ನೋಡಿದೆ. ಮಾವ ನೀರಿನ ತೊಟ್ಟಿಯ ಹತ್ತಿರ ಮುಖ ತೊಳೆಯುತ್ತಿದ್ದರು. ಸದ್ದಾದದ್ದಕ್ಕೆ ತಿರುಗಿದರು. ಸೋಪಿನ ನೊರೆ ಕಣ್ಣಲ್ಲಿತ್ತೋ ಏನೋ... ಅವರಿಗೆ ಕಂಡದ್ದು ಗೋಡೆಯ ಮೇಲೆ ಮುಸುಕು ಹಾಕಿದ ಒಂದು ತಲೆ. ಕೈ ಜೇಬಿಗೆ ಹೋಗಿ ಮೇಲೆ ಬಂತು.

ಟಕ್ ಎಂದಿತು. ಅಷ್ಟೇ.

ನನಗೆ ಏನೂ ಅರ್ಥವಾಗಿರಲಿಲ್ಲ. 'ಮಾವ, ನಾನು' ಎಂದು ನಗುತ್ತ ಕೆಳಗೆ ಧುಮುಕಿದೆ. ಆಮೇಲೆ ಅವರ ಕೈಯಲ್ಲಿದ್ದದ್ದನ್ನು ನೋಡಿದೆ. ಅವರು ತೊಟ್ಟಿಯ ಕಟ್ಟೆಗೆ ಒರಗಿ ಹಾಗೇ ಕುಸಿದರು. ಅತ್ತೆ ರಂಗೋಲಿ ಬಟ್ಟಲು ಹಿಡಿದೇ ಓಡಿಬಂದರು. ಮಾವ ಪಿಸ್ತೂಲನ್ನು ನೆಲದ ಮೇಲಿಟ್ಟು ದೂರ ತಳ್ಳಿ, ಎರಡೂ ಕೈಯಿಂದ ನನ್ನ ತಲೆ, ಭುಜ, ಬೆನ್ನು ಸವರಿ ಸವರಿ ನೋಡಿದರು. 'ಟಕ್ ಅಂತು ಕಣೇ... ಬರೀ ಟಕ್ ಅಂತು' ಎಂದು ಅತ್ತೆಗೆ ಹೇಳಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಅತ್ತೆ ಪೂಜೆ ಮಾಡಿದ್ದನ್ನು ಒಪ್ಪಿಕೊಂಡರು. ದಸರಾ ರಜೆ ಮುಗಿದು ಕಚೇರಿ ಬಾಗಿಲು ತೆರೆದ ದಿನವೇ ಮಾವ ಪಿಸ್ತೂಲನ್ನೂ ಲೈಸೆನ್ಸನ್ನೂ ಒಪ್ಪಿಸಿ ಬಂದರು. ಅಪ್ಪ ಜಗಳವಾಡಲಿಲ್ಲ. ಅಮ್ಮ ಮಾತ್ರ ಬಹಳ ದಿನ ಅವರ ಮನೆಯ ಕಡೆ ತಿರುಗಿ ನೋಡಲಿಲ್ಲ. ಅವಳದ್ದು ತಪ್ಪು ಎನ್ನಲಾರೆ.

ಮಾವ ಮಂಡಿಯನ್ನು ಬೇರೆಯವರಿಗೆ ವಹಿಸಿ ಮನೆಯೊಳಗೆ ಕೂತರು. ಮೊದಲು ಅವರಿಗೆ ಕಂಡಕಂಡವರ ಭಯವಿತ್ತು, ಈಗ ತಮ್ಮ ಕೈಯದೇ ಭಯ. ಈಳಿಗೆಮಣೆಯನ್ನೂ ಮುಟ್ಟುತ್ತಿರಲಿಲ್ಲವಂತೆ. ಸ್ವಿಚ್ಚಿನ ಸದ್ದಿಗೂ ಕಣ್ಣು ಮುಚ್ಚುತ್ತಿದ್ದರಂತೆ. ನನ್ನ ಕಣ್ಣಿಗೆ ಬೀಳದಂತೆ ತಪ್ಪಿಸಿಕೊಂಡರು. ನಾನು ಬೀದಿಗೆ ಬಂದರೆ ಅವರು ಒಳಗೆ. ನನಗೆ ಅವರ ಮೇಲೆ ಎಳ್ಳಷ್ಟೂ ಕೋಪವಿರಲಿಲ್ಲ. ಹಾಗೆಂದು ಅತ್ತೆಯ ಕೈಯಲ್ಲಿ ಎಷ್ಟು ಸಲ ಹೇಳಿ ಕಳಿಸಿದೆ... 'ಅದುಕ್ಕೇ ಅವುರ್ಗೆ ಜಾಸ್ತಿ ಸಂಕಟ ಕಣಮ್ಮ, ನೀನು ಬೈದಿದ್ರೆ ಆಗಿರೋದು' ಎಂದರು ಅತ್ತೆ. ಗುಂಡು ಹಾರದಿದ್ದರೂ ಅವತ್ತು ನನ್ನ ಮಾವ ಹೋಗಿಬಿಟ್ಟರು.

ಮುಂದಿನ ಆಯುಧಪೂಜೆಗೆ ಅತ್ತೆ ನಮ್ಮ ಮನೆಗೆ ಬಂದು, ಅಮ್ಮನ ಕೈ ಹಿಡಿದು ಕೇಳಿಕೊಂಡು, ನನ್ನನ್ನು ಕರೆದೊಯ್ದರು. ತಕ್ಕಡಿಗಿಂತ ಮೊದಲು, ಬೈಕಿಗಿಂತ ಮೊದಲು ನನ್ನ ಹಣೆಗೆ ಕುಂಕುಮ ಇಟ್ಟರು. ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಮಾವನ ದನಿ ಬಂತು, 'ಬಂದ್ಯೇನಮ್ಮ?' ನಾನು 'ಬಂದೆ ಮಾವ' ಎಂದೆ. ನಾನು ಇದ್ದೇನೆ ಎಂಬುದಷ್ಟೇ ಅವರಿಗೆ ಬೇಕಿತ್ತು. ಅಲ್ಲಿಂದ ಪ್ರತಿ ವರ್ಷವೂ ಇದೇ. ಮದುವೆಯಾಗಿ ಇದೇ ಊರಿನ ಇನ್ನೊಂದು ಬೀದಿಗೆ ಬಂದ ಮೇಲೂ, ಬಸುರಿಯಾಗಿದ್ದಾಗಲೂ, ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡೂ ಹೋಗುತ್ತಿದ್ದೆ. ಮುಚ್ಚಿದ ಬಾಗಿಲು, ಒಂದು ಪ್ರಶ್ನೆ, ಒಂದು ಉತ್ತರ.

ಮಾವ ಈ ಸಲದ ಆಷಾಢದಲ್ಲಿ ತೀರಿಕೊಂಡರು. ಆ ವಿಜಯದಶಮಿಯಾದ ಮೇಲೆ ಅವರ ಮುಖವನ್ನು ನಾನು ಕಣ್ತುಂಬ ನೋಡಿದ್ದು ಅಂದೇ, ಅದೂ ಅವರು ಕಣ್ಣು ಮುಚ್ಚಿದ ಮೇಲೆ.

ಮೊನ್ನೆ ಆಯುಧಪೂಜೆಗೆ ಅತ್ತೆ ಕರೆಯಲು ಬರಲಿಲ್ಲ. ನಾನೇ ಹೋದೆ. ಅತ್ತೆಯ ಹಣೆ ಬರಿದಾಗಿತ್ತು. ಕುಂಕುಮದ ಬಟ್ಟಲನ್ನು ಮುಟ್ಟಲು ಹಿಂಜರಿದು, ತಟ್ಟೆಯನ್ನೇ ನನ್ನ ಕಡೆ ಸರಿಸಿ, 'ನೀನೇ ಇಟ್ಕೊಂಬುಡು' ಎಂದರು. ಇಟ್ಟುಕೊಂಡೆ. ಆಮೇಲೆ ಇಬ್ಬರೂ ಕೋಣೆಯ ಕಡೆ ನೋಡುತ್ತ ನಿಂತೆವು. ಅತ್ತೆ, ನನ್ನ ಮುಖ ನೋಡದೆ, 'ಬಂದ್ಯೇನಮ್ಮ?' ಎಂದು ಮೆಲ್ಲಗೆ ಕೇಳಿದರು.

ಇಷ್ಟು ವರ್ಷ ತಪ್ಪದೆ ಕೊಟ್ಟ ಉತ್ತರದ ಬದಲು ತಲೆಯನ್ನಷ್ಟೇ ಆಡಿಸಿದೆ. ಕೋಣೆಯ ಬಾಗಿಲು ಪೂರ್ತಿ ತೆರೆದಿತ್ತು, ಒಳಗೆ ಮಂಚ ಖಾಲಿಯಿತ್ತು.