ಖಾಲಿ ಮನೆಯೊಳಗೊಂದು ಉಸಿರು

ಹ್ಯಾಮಿಲ್ಟನ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಳೆಯ ಪೊರಕೆ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಲೊರೇನ್ ಮಜೂರ್ ಬೂಟು ತೊಟ್ಟು ಮೆಕ್ಕೆಜೋಳದ ಹಿಟ್ಟಿನ ಚೀಲದ ಮೇಲೆ ನಡೆಯುತ್ತಿದ್ದಾರೆ. ಎದುರಿನ ಪರದೆಯಲ್ಲಿ ನರ್ಸೊಬ್ಬಳು ಹಿಮ ತುಳಿಯುತ್ತ ಪಾಳುಮನೆಯ ಬಾಗಿಲಿಗೆ ಬರುತ್ತಾಳೆ. ಮುಖ ಅವಳದು, ಹೆಜ್ಜೆಯ ಸದ್ದು ಲೊರೇನ್ ಅವರದು. ಸಿನಿಮಾಗಳಿಗೆ ಇಂಥ ಸದ್ದು ಕೂಡಿಸುವುದೇ ಅವರ ಕೆಲಸ. ಅರವತ್ತು ದಾಟಿದ ಮಂಡಿ ಆಗಾಗ ಲಟಕ್ ಎನ್ನುತ್ತದೆ.

“ಅದನ್ನೂ ದಂಡ ಮಾಡಲ್ಲ ನಾನು. ಹೋದ ಸಿನಿಮಾದಲ್ಲಿ ಮುದುಕಿ ದೆವ್ವ ಮೆಟ್ಟಿಲು ಹತ್ತಿದ್ದು ಈ ಮಂಡಿಯಿಂದ್ಲೇ!”

ದೆವ್ವದ ಸಿನಿಮಾ ಅಂದರೆ ಕಿರುಚಾಟ ಅಂದುಕೊಂಡಿದ್ದೇವೆ ನಾವು. ಲೊರೇನ್ ಒಪ್ಪುವುದಿಲ್ಲ. “ದೆವ್ವ ಬಂದ್ಮೇಲೆ ಯಾರ್ ಬೇಕಾದ್ರೂ ಹೆದರಿಸ್ತಾರೆ. ಬರೋಕ್ ಮುಂಚೆ ಹೆದರಿಸ್ಬೇಕು. ಮೊದಲ್ನೇ ದೃಶ್ಯದಲ್ಲಿ ಏನೂ ಆಗ್ಬಾರ್ದು, ಆದ್ರೆ ಒಳಗೆ ಯಾರೋ ಇದಾರೆ ಅನ್ನಿಸ್ಬೇಕು. ಹಾಗಂತ ಪೂರ್ತಿ ಸದ್ದು ತೆಗೆದ್ರೆ, ಸ್ಪೀಕರ್ ಕೆಟ್ಟಿದೆ ಅಂತ ಬೈತಾರೆ ಅಷ್ಟೇ.”

ಅದಕ್ಕೇ ಪ್ರತಿ ಮನೆಯ ಮೌನವನ್ನೂ ಅಲ್ಲೇ ಹಿಡಿದು ತರುತ್ತಾರೆ. ಚಿತ್ರೀಕರಣ ಮುಗಿದ ಮೇಲೆ ಇಡೀ ತಂಡ ಗರ ಬಡಿದಂತೆ ನಿಲ್ಲುತ್ತದೆ, ಧ್ವನಿಗ್ರಾಹಕ ಆ ನಿಶ್ಶಬ್ದವನ್ನು ದಾಖಲಿಸುತ್ತಾನೆ. ನಡುವೆ ಸದ್ದು ಮಾಡಿದವರು ಎಲ್ಲರಿಗೂ ಕಾಫಿ ಕುಡಿಸಬೇಕು. ಇಲ್ಲಿನ ಸಿನಿಮಾ ಮಂದಿಯ ಕಟ್ಟಳೆ ಅದು.

ಈ ಪಾಳುಮನೆಯ ಮೌನವನ್ನು ಹಿಡಿದವರು ಲೊರೇನ್ ಅವರ ಗಂಡ ವಾಲ್ಟರ್. ಶ್ವಾಸಕೋಶ ಆಗಲೇ ಕೈಕೊಟ್ಟಿತ್ತು. ಇನ್ನೇನು ಮುಗಿಯಿತು ಅನ್ನುವಾಗ ಅವರದೇ ಉಸಿರು ಗೊರ್ರೆಂದು ಎಳೆಯಿತು. ತಂಡ ಹೋ ಎಂದು ನಕ್ಕಿತು. “ನಾಳೆ ಕುಡಿಸ್ತೀನ್ರಪ್ಪಾ” ಎಂದು ಮತ್ತೊಮ್ಮೆ ದಾಖಲಿಸಿದರು. ಮರುದಿನ ಆಸ್ಪತ್ರೆ ಸೇರಿದವರು ಮರಳಲಿಲ್ಲ. ಲೊರೇನ್ ಈಗ ಸರಿಯಾದ ಮೌನವನ್ನು ಪಕ್ಕಕ್ಕಿಟ್ಟು ಆ ಕೆಟ್ಟ ಮೌನವನ್ನೇ ಮೊದಲ ದೃಶ್ಯಕ್ಕೆ ಹಾಕಿದ್ದಾರೆ. ಯಾರಿಗೂ ಹೇಳಿಲ್ಲ. ಆ ಉಸಿರನ್ನು ಅಳಿಸುವುದು ಅವರ ಕೈಲಾಗಿಲ್ಲ.

ಬೆಳಗಾಗುತ್ತಲೇ ನಿರ್ದೇಶಕ ಗ್ರೇಡಿ ತಂಡದ ನಾಲ್ಕೈದು ಮಂದಿಯೊಂದಿಗೆ ಬರುತ್ತಾನೆ. “ಲೊರೇನ್, ನಿರ್ಮಾಪಕರು ಶುರುವಿಂದ್ಲೇ ಸಂಗೀತ ಬೇಕು ಅಂತಿದಾರೆ. ಅಲ್ದೆ ಬಾಗಿಲ ಹತ್ರ ಯಾರೋ ಉಸಿರಾಡ್ತಾರಲ್ಲ, ಯಾರ ಎಡವಟ್ಟು ಅದು?”

ಲೊರೇನ್ ಬೂಟು ಬಿಚ್ಚುತ್ತ ಕೂರುತ್ತಾರೆ. “ವಾಲ್ಟರ್‌ದು ಕಣೋ.”

ಅಂದು ಎಲ್ಲರಿಗಿಂತ ಜೋರಾಗಿ ನಕ್ಕಿದ್ದವನು ಗ್ರೇಡಿಯೇ. ಅವನು ಆ ದೃಶ್ಯವನ್ನು ಮತ್ತೆ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೇಳುತ್ತಾನೆ. ಫೋನ್ ಹಿಡಿದು ಹೊರಗೆ ಹೋಗುತ್ತಾನೆ. ಅವನ ಕೂಗಾಟ ನೆಲಮಾಳಿಗೆಗೂ ಕೇಳುತ್ತದೆ. ಕೆಂಪು ಮುಖ ಹೊತ್ತು ಒಳಬಂದು, “ಬಾಗಿಲು ತೆರೆಯೋವರ್ಗೂ ಸಂಗೀತ ಇಲ್ಲ. ಅಷ್ಟಕ್ಕೇ ಒಪ್ಪಿದ್ದು ಅವ್ರು” ಎನ್ನುತ್ತಾನೆ. ಉಸಿರು ಬರುವುದು ಬಾಗಿಲು ತೆರೆಯುವ ಮುಂಚೆಯೇ.

ಲೊರೇನ್ ಕೋಟು ಹಾಕಿಕೊಂಡು ಹೋಗಿ, ಒಂದು ತಟ್ಟೆ ತುಂಬ ಕಾಫಿ ಲೋಟ ಹೊತ್ತು ಬರುತ್ತಾರೆ.

“ಜನ ದೆವ್ವ ಅಂತ ಬೆಚ್ಚಲಿ ಬಿಡಿ. ಅವನ ಉಸಿರು ಅವರಿಗೆ ಕೇಳಿಸಿದ್ರೆ ಸಾಕು ನಂಗೆ” ಎನ್ನುತ್ತ ಲೋಟಗಳನ್ನು ಒಬ್ಬೊಬ್ಬರ ಮುಂದಿಡುತ್ತಾರೆ.

“ತಗೊಳ್ರಪ್ಪಾ. ವಾಲ್ಟರ್ ಕುಡಿಸ್ತಿರೋದು.”